ಅಪ್ಪನ ಲಾರಿ, ಮಗಳ ಓ.ಆರ್. ಪೇಪರ್

ಹೆಸರು ಮತ್ತು ಒಂದೆರಡು ವಿವರ ಬದಲಿಸಿದ್ದೇನೆ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ರೇಖಾ ಅಂತ ಕರೆಯೋಣ. ವಯಸ್ಸು 23. ಬಿ.ಕಾಂ. ಮುಗಿಸಿ ಎಂಬಿಎ ಸೇರಿದ್ದಾಳೆ, ವಿಷಯ ಲಾಜಿಸ್ಟಿಕ್ಸ್ ಮತ್ತು ಸಪ್ಲೈ ಚೈನ್. ಅಪ್ಪನದು ಸ್ವಂತ ಲಾರಿ, ತಾವೇ ಓಡಿಸುತ್ತಾರೆ.

ಸಲಹೆ ಕೇಳೋಕೆ ನನ್ನ ಹತ್ತಿರ ಬಂದಾಗ ಆಪರೇಷನ್ಸ್ ರಿಸರ್ಚ್ (ಓ.ಆರ್., ಇರುವುದರಲ್ಲೇ ಒಳ್ಳೆಯ ದಾರಿ ಯಾವುದು ಅಂತ ಲೆಕ್ಕ ಹಾಕಿ ಹುಡುಕುವ ವಿಷಯ) ಪೇಪರ್ ಎರಡನೇ ಸಲ ಹೋಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ರಾತ್ರಿ ಮೂರರವರೆಗೆ ಎಚ್ಚರ, ಬೆಳಗಿನ ಕ್ಲಾಸಿಗೆ ಚಕ್ಕರ್, ಪರೀಕ್ಷೆಯಲ್ಲಿ ಕೈ ನಡುಕ. "ನಂಗೆ ಗಣಿತ ಬರಲ್ಲ ಮೇಡಂ, ಬಿಟ್ಟುಬಿಡ್ತೀನಿ" ಅಂದಳು. ಅದರ ಜೊತೆಗೆ ಹಬ್ಬಕ್ಕೆ ಊರಿಗೆ ಹೋದಾಗೆಲ್ಲ ಚಿಕ್ಕಪ್ಪ ಆಡುವ ಮಾತೊಂದು ಅವಳನ್ನು ಕೊರೆಯುತ್ತಿತ್ತು: "ಗೋಡೌನ್ ಕಾಯೋಕೆ ಎಂಬಿಎ ಯಾಕೆ ಬೇಕಿತ್ತು?"

ಮೊದಲ ದಿನ ನಾನು ಗಣಿತದ ಸುದ್ದಿಗೇ ಹೋಗಲಿಲ್ಲ. ನಿದ್ದೆಯ ಬಗ್ಗೆ ಮಾತಾಡಿದೆವು. ಹನ್ನೊಂದಕ್ಕೆ ಪುಸ್ತಕ ಮುಚ್ಚು, ಫೋನ್ ಇನ್ನೊಂದು ಕೋಣೆಯಲ್ಲಿಡು, ರಾತ್ರಿ ಎದೆ ಬಿಗಿದು ತಡೆಯೋಕೆ ಆಗದೇ ಇದ್ದರೆ ಒಬ್ಬಳೇ ಒದ್ದಾಡಬೇಡ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು ಅಂತ ಹೇಳಿದೆ. ಮುಂದಿನ ವಾರ ನೋಟ್‌ಬುಕ್ ತರೋಕೆ ಹೇಳಿದೆ.

ತಂದಳು. ನಾನು ಗಣಿತದ ಟೀಚರ್ ಅಲ್ಲ. ಹಾಗಾಗಿ "ನಂಗೆ ಪಾಠ ಮಾಡಮ್ಮ" ಅಂದೆ. ಟ್ರಾನ್ಸ್‌ಪೋರ್ಟೇಶನ್ ಪ್ರಾಬ್ಲಂ ತೆಗೆದಳು, ಎಲ್ಲಿಂದ ಎಲ್ಲಿಗೆ ಎಷ್ಟು ಕಳಿಸಿದರೆ ಖರ್ಚು ಕಡಿಮೆ ಅನ್ನುವ ಲೆಕ್ಕ. ಅದನ್ನು ಬಿಡಿಸುವ ವಿಧಾನಗಳು, ನಾರ್ತ್ ವೆಸ್ಟ್ ಕಾರ್ನರ್, ಲೀಸ್ಟ್ ಕಾಸ್ಟ್, ವೋಗೆಲ್, ಮೋಡಿ, ಎಲ್ಲದರ ಹೆಸರೂ ಹಂತವೂ ಬಾಯಿಪಾಠ. ಟೇಬಲ್‌ನ ಒಂದು ಮನೆಯಲ್ಲಿದ್ದ 8ರ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿದೆ. "ಕಾಸ್ಟ್ ಮೇಡಂ." ಯಾವುದರ ಕಾಸ್ಟ್? ಸುಮ್ಮನಾದಳು. ಎ, ಬಿ, ಸಿ ಅನ್ನುವ ಜಾಗಗಳಿಂದ ಪಿ, ಕ್ಯೂ, ಆರ್ ಅನ್ನುವ ಜಾಗಗಳಿಗೆ ಏನನ್ನೋ ಕಳಿಸುವ ಲೆಕ್ಕ ಅದು. ಏನು ಹೋಗುತ್ತದೆ, ಯಾರು ಒಯ್ಯುತ್ತಾರೆ ಅನ್ನೋದು ಅವಳ ಕಣ್ಣಿಗೆ ಬಂದೇ ಇರಲಿಲ್ಲ. ಕಗ್ಗಂಟು ಇದ್ದದ್ದು ಇಲ್ಲಿ. ಕೂಡಿ ಕಳೆಯೋದು ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ಅಪ್ಪ ಏನು ಸಾಗಿಸ್ತಾರೆ ಅಂದೆ. ಅಕ್ಕಿ. ಸರಿ, ಅದನ್ನೇ ಹಾಕು. ಗಂಗಾವತಿಯಲ್ಲಿ 5 ಲೋಡ್, ದಾವಣಗೆರೆಯಲ್ಲಿ 4 ಲೋಡ್. ಹುಬ್ಬಳ್ಳಿಗೆ 3 ಬೇಕು, ಬೆಂಗಳೂರಿಗೆ 6. ದೂರವನ್ನು ಅವಳೇ ಅಂದಾಜಿನ ಮೇಲೆ ಹಾಕಿದಳು: ಗಂಗಾವತಿಯಿಂದ ಹುಬ್ಬಳ್ಳಿ 150 ಕಿ.ಮೀ., ಬೆಂಗಳೂರು 370. ದಾವಣಗೆರೆಯಿಂದ ಹುಬ್ಬಳ್ಳಿ 145, ಬೆಂಗಳೂರು 265. ನಂತರ ಎಲ್ಲಕ್ಕಿಂತ ಚಿಕ್ಕ ಸಂಖ್ಯೆ ಹುಡುಕಿ, 145 ಸಿಕ್ಕಿತು ಅಂತ ದಾವಣಗೆರೆಯ 3 ಲೋಡನ್ನು ಹುಬ್ಬಳ್ಳಿಗೆ ಕಳಿಸಿಬಿಟ್ಟಳು. ಉಳಿದ 1 ಬೆಂಗಳೂರಿಗೆ, ಗಂಗಾವತಿಯ ಐದೂ ಬೆಂಗಳೂರಿಗೆ. ಒಟ್ಟು 2,550 ಕಿ.ಮೀ.

"ಇದನ್ನ ಅಪ್ಪನಿಗೆ ತೋರಿಸಿದ್ರೆ ಏನಂತಾರೆ?" ಅಂದೆ. ಅವಳು ಐದು ನಿಮಿಷ ಆ ಹಾಳೆಯನ್ನೇ ನೋಡುತ್ತಾ ಕೂತಳು. ಆಮೇಲೆ, "ಬೈತಾರೆ ಮೇಡಂ. ಹುಬ್ಬಳ್ಳಿ ಇಬ್ಬರಿಗೂ ಒಂದೇ ದೂರ, ಐದು ಕಿಲೋಮೀಟರ್ ಉಳಿಸೋಕೆ ಹೋಗಿ ಗಂಗಾವತಿ ಗಾಡೀನ ಅಷ್ಟು ದೂರ ಓಡಿಸ್ತೀಯಾ ಅಂತಾರೆ." ಗಂಗಾವತಿಯ 3 ಲೋಡನ್ನು ಹುಬ್ಬಳ್ಳಿಗೆ ಹಾಕಿದಳು, 2 ಬೆಂಗಳೂರಿಗೆ, ದಾವಣಗೆರೆಯ ನಾಲ್ಕೂ ಬೆಂಗಳೂರಿಗೆ. 2,250. ಮುನ್ನೂರು ಕಿಲೋಮೀಟರ್ ಡೀಸೆಲ್ ಉಳೀತು! ವೋಗೆಲ್ ವಿಧಾನದಲ್ಲಿ ಪೆನಾಲ್ಟಿ ಅಂತ ಸಾಲು ಸಾಲಿಗೂ ಎರಡು ಚಿಕ್ಕ ಸಂಖ್ಯೆಗಳ ವ್ಯತ್ಯಾಸ ಬರೆಯುವುದು ಇದಕ್ಕೇ: ಒಳ್ಳೆಯ ದಾರಿ ಕೈತಪ್ಪಿದರೆ ಯಾರಿಗೆ ಜಾಸ್ತಿ ಪೆಟ್ಟು ಅಂತ ನೋಡೋಕೆ. ಗಂಗಾವತಿಗೆ 220, ದಾವಣಗೆರೆಗೆ 120. ಇದನ್ನು ನನಗೆ ವಿವರಿಸಿದ್ದು ಅವಳೇ, ಆ ಸಂಜೆ, ಜೋರು ದನಿಯಲ್ಲಿ.

ಹಾಗಂತ ಅವಳನ್ನು ಹೊಗಳಿ ಕಳಿಸಲಿಲ್ಲ. ಅರ್ಥ ಆದ ಮಾತ್ರಕ್ಕೆ ಪೇಪರ್ ಪಾಸಾಗಲ್ಲ ಅಲ್ವಾ? ನಾನು ಹೇಳಿದ್ದು ಇಷ್ಟು. ಯಾವ ಲೆಕ್ಕವಾದರೂ ಮೊದಲು ಕನ್ನಡದಲ್ಲಿ ಮೂರು ಸಾಲು ಬರೆ: ನಾವು ಏನನ್ನು ಆರಿಸಬೇಕು, ಏನನ್ನು ಕಡಿಮೆ ಮಾಡಬೇಕು, ಎಲ್ಲಿ ಕೈ ಕಟ್ಟಿದೆ. ಆಮೇಲೆ ಸೂತ್ರ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡೇ ಲೆಕ್ಕ, ಗಡಿಯಾರ ಇಟ್ಟುಕೊಂಡು. ಅದೇ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಉತ್ತರ ಹುಡುಕಿಕೊಡುವ ಸಾಲ್ವರ್‌ಗೆ ಹಾಕಿ ಒಂದು ಸಂಖ್ಯೆ ಬದಲಿಸಿ ಏನಾಗುತ್ತದೆ ನೋಡು. ಪಾಸಾದ ಸೀನಿಯರ್ ಒಬ್ಬಳ ಜೊತೆ ಕೂರೋದಕ್ಕೂ ವ್ಯವಸ್ಥೆ ಮಾಡಿದೆ.

ಅವಳ ಭಯಕ್ಕೆ ಮದ್ದಾಗಿದ್ದು ಇನ್ನೊಂದು ಲೆಕ್ಕ. ಒಂದು ಸಲಕ್ಕೆ ಎಷ್ಟು ಮಾಲು ತರಿಸಬೇಕು ಅನ್ನುವ ಇಒಕ್ಯೂ ಸೂತ್ರ, 1913ರಲ್ಲಿ ಫೋರ್ಡ್ ಹ್ಯಾರಿಸ್ ಕೊಟ್ಟಿದ್ದು. ವರ್ಷಕ್ಕೆ 1,200 ಚೀಲ ಬೇಕು, ಪ್ರತಿ ಆರ್ಡರ್‌ಗೆ 300 ರೂಪಾಯಿ ಖರ್ಚು, ಒಂದು ಚೀಲ ವರ್ಷವಿಡೀ ಇಟ್ಟುಕೊಳ್ಳೋಕೆ 50 ರೂಪಾಯಿ ಅಂದರೆ ಉತ್ತರ 120 ಚೀಲ, ವರ್ಷದ ಖರ್ಚು 6,000. 100 ಚೀಲ ತರಿಸಿದರೆ 6,100. 150 ತರಿಸಿದರೆ 6,150. "ಇಷ್ಟು ತಪ್ಪಿದ್ರೂ ಇಷ್ಟೇನಾ?" ಅಂದಳು. ಒಂದು ತಪ್ಪಿಗೆ ಎಲ್ಲ ಮುಳುಗಿತು ಅಂದುಕೊಳ್ಳುವ ಹುಡುಗಿ ಅವಳು, ಆ ಪ್ರಶ್ನೆ ಅವಳ ಬಾಯಲ್ಲಿ ಬಂದಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಚಿಕ್ಕಪ್ಪನ ಮಾತಿನ ಬಗ್ಗೆಯೂ ನೇರವಾಗಿ ಮಾತಾಡಿದೆವು. ಗೋಡೌನ್ ಕೆಲಸ ಕೀಳಲ್ಲ, ಮೊದಲ ನೌಕರಿ ಅಲ್ಲೇ ಶಿಫ್ಟಿನಲ್ಲಿ ಸಿಗಬಹುದು, ಅದನ್ನು ಮುಚ್ಚಿಡುವುದು ಬೇಡ. ಆದರೆ ಗೋಡೌನ್ ಎಲ್ಲಿರಬೇಕು, ಎಷ್ಟಿರಬೇಕು ಅಂತ ತೀರ್ಮಾನಿಸುವುದು ಈ ಓದಿನ ಕೆಲಸ. 2017ರ ಜುಲೈನಲ್ಲಿ ಜಿಎಸ್‌ಟಿ ಬರುವ ಮುಂಚೆ, ಅಂತರರಾಜ್ಯ ಮಾರಾಟದ ತೆರಿಗೆ ತಪ್ಪಿಸೋಕೆ ಅಂತಲೇ ಎಷ್ಟೋ ಕಂಪನಿಗಳು ರಾಜ್ಯಕ್ಕೊಂದು ಗೋಡೌನ್ ಇಟ್ಟಿದ್ದವು. ಆ ಕಾರಣ ಹೋದ ಮೇಲೆ ಯಾವುದನ್ನು ಮುಚ್ಚಬೇಕು, ಯಾವುದನ್ನು ದೊಡ್ಡದು ಮಾಡಬೇಕು ಅಂತ ಯಾರೋ ಕೂತು ಲೆಕ್ಕ ಹಾಕಿದರು. ನೆಲಮಂಗಲದ ಕಡೆ ದೊಡ್ಡ ಗೋಡೌನ್‌ಗಳಿವೆ. ಕಾಲೇಜಿನಿಂದ ಪತ್ರ ತಗೊಂಡು ಒಂದು ದಿನ ಹೋಗಿ ನೋಡಿ ಬಾ, ಆಮೇಲೆ ಪ್ಲಾನಿಂಗ್ ಕಡೆ ಹೋಗ್ತೀಯೋ, ಕಸ್ಟಮ್ಸ್, ರಫ್ತು ದಾಖಲೆಗಳ ಕಡೆ ಹೋಗ್ತೀಯೋ ಯೋಚಿಸು ಅಂದೆ.

ಕಷ್ಟವಾಗಿದ್ದು ಮನೆಯಲ್ಲಿ ಹೇಳುವುದು. ಎರಡು ವಾರ ಮುಂದೂಡಿದಳು. ನಾನು ಫೋನ್ ಮಾಡಿ ಹೇಳಲಿ ಅಂತ ಅವಳ ಆಸೆ. ಒಪ್ಪಲಿಲ್ಲ. ನೀನೇ ಹೇಳು, ಬೇಕಿದ್ದರೆ ಪಕ್ಕದಲ್ಲಿ ಕೂರ್ತೀನಿ ಅಂದೆ. ನನ್ನ ಕೋಣೆಯಿಂದಲೇ ಮಾಡಿದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡವ್ವಾ, ಊಟ ಮಾಡಿದ್ಯಾ?" ಅಂದರು. ಅವಳು ಅತ್ತುಬಿಟ್ಟಳು. ಆಮೇಲೆ ಅಕ್ಕಿಯ ಆ ಲೆಕ್ಕವನ್ನೂ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ವಾಪಸ್ ಲೋಡ್ ಎಲ್ಲೈತಿ ಇದ್ರಾಗ? ಬೆಂಗಳೂರಿಂದ ಖಾಲಿ ಬರೋದಾ ನಾನು?"

ಆ ಟೇಬಲ್‌ನಲ್ಲಿ ಅದು ಇಲ್ಲ. ಅವಳ ಮೇಷ್ಟ್ರ ಹತ್ತಿರ ಕೇಳಿದಾಗ, ಇದನ್ನೇ ಪ್ರಾಜೆಕ್ಟ್ ಮಾಡು ಅಂದರಂತೆ. ಪರೀಕ್ಷೆ ಇನ್ನೂ ಬಂದಿಲ್ಲ. ನಿದ್ದೆ ಪರವಾಗಿಲ್ಲ. ಸದ್ಯ ಅಪ್ಪನ ಕಳೆದ ಆರು ತಿಂಗಳ ಟ್ರಿಪ್ ಡೈರಿಯನ್ನು ಎಕ್ಸೆಲ್‌ಗೆ ಹಾಕುತ್ತಿದ್ದಾಳೆ, ಖಾಲಿ ಬಂದ ದಿನಗಳಿಗೆ ಕೆಂಪು ಬಣ್ಣ.