ಯಾರಿಗೆ ವೋಟು ಹಾಕಿದೆ ಅಂತ ಕೇಳಿದರೆ ಸುಳ್ಳು ಹೇಳಬಹುದಾ?

ನಿಮ್ಮ ಪ್ರಶ್ನೆ ಓದಿದಾಗಿನಿಂದ ಅದೇ ತಲೆಯಲ್ಲಿದೆ. ಮಾವ, ಆಫೀಸಿನ ಗೆಳೆಯರು ಎಲ್ಲರೂ ಒಂದು ಪಕ್ಷದ ಕಡೆ, ನೀವೊಬ್ಬರೇ ಬೇರೆ ಕಡೆ. "ಈ ಸಲ ನಮ್ಮವರಿಗೇ ಹಾಕಿದೆ ಅಲ್ವಾ?" ಅಂದಾಗ, ಸುಮ್ನೆ ಜಗಳ ಯಾಕೆ ಅಂತ ಹೂಂ ಅನ್ನುತ್ತೀರಿ. ಗುಪ್ತ ಮತದಾನ ಅಂದಮೇಲೆ ಇದರಲ್ಲಿ ತಪ್ಪೇನು ಅಂತ ಕೇಳಿದ್ದೀರಿ.

ನನ್ನ ಉತ್ತರ ಇಷ್ಟೇ. "ಹೇಳಲ್ಲ" ಅನ್ನಿ, ಅದು ನಿಮ್ಮ ಹಕ್ಕು. ಹೂಂ ಮಾತ್ರ ಅನ್ನಬೇಡಿ. ನಾನು ಹೂಂ ಅಂದು ಏನಾಯಿತು ಅಂತ ಹೇಳುತ್ತೇನೆ.

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಕೇರಿಯಲ್ಲಿ ಹನ್ನೊಂದು ಮನೆ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಅಡಿಕೆ ಕೊಯ್ಲಿನ ಕಾಲ. ಈ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ. ನಿಲ್ಲುವವರು ದಿನಾ ಮುಖ ನೋಡುವ ಜನ. ಇಬ್ಬರು ನಮ್ಮ ಮನೆಗೆ ವೋಟು ಕೇಳಲು ಬಂದರು. ಇಬ್ಬರಿಗೂ ಜಗಲಿ ಮೇಲೆ ಕೂರಿಸಿ ಕಾಫಿ ಕೊಟ್ಟು, "ನಮ್ಮನೆ ವೋಟು ನಿಮಗೇ" ಅಂದೆ.

ಅವರಲ್ಲಿ ಒಬ್ಬರಿಗೆ ಹಾಕುವುದಿಲ್ಲ ಅಂತ ಆಗಲೇ ತೀರ್ಮಾನ ಮಾಡಿದ್ದೆ. ಹಿಂದಿನ ಐದು ವರ್ಷ ಅವರೇ ಸದಸ್ಯರಾಗಿದ್ದರು. ನಮ್ಮ ಕೇರಿಗೂ ಶಾಲೆಗೂ ನಡುವೆ ಒಂದು ಹಳ್ಳ ಇದೆ. ಅದಕ್ಕೆ ಅಡಿಕೆ ಮರದ ದಬ್ಬೆ ಜೋಡಿಸಿ ಕಟ್ಟಿದ ಸಂಕ, ಅಂದರೆ ಕಾಲುಸೇತುವೆ. ಮಳೆಗಾಲದಲ್ಲಿ ದಬ್ಬೆ ಪಾಚಿ ಕಟ್ಟಿ ಜಾರುತ್ತದೆ. ಒಂದೊಂದೇ ಮಗುವನ್ನು ಕೈ ಹಿಡಿದು ದಾಟಿಸಬೇಕು. ಸಿಮೆಂಟಿನ ಸಂಕ ಮಾಡಿಸುತ್ತೇನೆ ಅಂದಿದ್ದರು. ಐದು ಮಳೆಗಾಲ ಹಾಗೇ ಹೋಯಿತು.

ಡಿಸೆಂಬರ್ 30ಕ್ಕೆ ಎಣಿಕೆ. ಅವರು ಆರು ವೋಟಿನಲ್ಲಿ ಸೋತರು.

ಮುಂದಿನ ವಾರ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವುದಿತ್ತು. ರಾತ್ರಿ ಅಂಗಳದಲ್ಲಿ ದೀಪ ಹಾಕಿ ಏಳೆಂಟು ಜನ ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ಸೋತವರೂ ಬಂದರು. ಏನೂ ಮಾತಾಡದೆ ಒಂದು ಬುಟ್ಟಿ ಸುಲಿದರು. ಆಮೇಲೆ ಬೆರಳು ಮಡಚಿ ಮನೆ ಮನೆಯ ಲೆಕ್ಕ ಶುರು ಮಾಡಿದರು. ಹಸಿ ಅಡಿಕೆಯ ಕರೆ ಹಿಡಿದು ಅವರ ಕೈ ಪೂರ್ತಿ ಕಪ್ಪಾಗಿತ್ತು. ವೋಟಿನ ಶಾಯಿಯ ಗುರುತೂ ಆ ಕಪ್ಪಿನಲ್ಲಿ ಕಾಣುತ್ತಿರಲಿಲ್ಲ. ನನ್ನ ಕಡೆ ತಿರುಗಿ, "ನಿಮ್ಮನೇದು ನಾಲ್ಕೂ ಬಂದಿದೆ, ಅದ್ರಲ್ಲಿ ಅನುಮಾನ ಇಲ್ಲ, ಅಲ್ವಾ?" ಅಂದರು. ನಾನು ಹೂಂ ಅಂದೆ. ಅವರು ನಾಲ್ಕು ಬೆರಳು ಮಡಚಿದರು.

ಹಾಗೆ ಲೆಕ್ಕ ಹಾಕುತ್ತಾ ಹೋಗಿ, ಕೈ ಕೊಟ್ಟವರು ಕೆಳಗಿನ ಮನೆಯವರೇ ಅನ್ನುವಲ್ಲಿಗೆ ಬಂದರು. ಕೆಳಗಿನ ಮನೆಯವರು ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಇಟ್ಟು ಹೇಳಿದರೂ ನಂಬಲಿಲ್ಲ. ಎರಡು ಮನೆಗೂ ತಲೆಮಾರಿನಿಂದ ಮುಯ್ಯಾಳು ಇತ್ತು. ಇವರ ಗದ್ದೆ ನಾಟಿಗೆ ಅವರು, ಅವರ ನಾಟಿಗೆ ಇವರು. ಅದು ನಿಂತಿತು. ದನ ಕರು ಹಾಕಿದರೆ ಗಿಣ್ಣು ಮಾಡಿ ಕೊಟ್ಟು ಕಳಿಸುತ್ತಿದ್ದರು. ಅದೂ ನಿಂತಿತು. ಆ ಮಳೆಗಾಲ ಕೆಳಗಿನ ಮನೆಯ ಗಂಡ ಹೆಂಡತಿ ಇಬ್ಬರೇ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ಬಗ್ಗಿದ್ದನ್ನು ನಾನು ದಾರಿಯಲ್ಲಿ ನಿಂತು ನೋಡಿದೆ. ಅಲ್ಲಿಯವರೆಗೂ ನನ್ನ ಸುಳ್ಳಿನಿಂದ ಯಾರಿಗೂ ಏನೂ ನಷ್ಟ ಇಲ್ಲ ಅಂತಲೇ ಅಂದುಕೊಂಡಿದ್ದೆ.

ಅವತ್ತು ರಾತ್ರಿ ಸೋತವರ ಮನೆಗೆ ಹೋದೆ. "ನನ್ನ ವೋಟು ನಿಮಗೆ ಹಾಕಿಲ್ಲ. ಮನೆಯಲ್ಲಿ ಉಳಿದವರದ್ದು ನಾನು ಕೇಳಿಲ್ಲ" ಅಂದೆ. ನಿಜಕ್ಕೂ ಕೇಳಿರಲಿಲ್ಲ. ನಮ್ಮಮ್ಮ, ಹೆಂಡತಿ, ಮಗ ಒಬ್ಬೊಬ್ಬರಿಗೂ ಅವರವರ ವೋಟು ಇದೆ. "ನಮ್ಮನೆ ವೋಟು" ಅಂತ ಮಾತು ಕೊಡಲು ನಾನು ಯಾರು?

ಅವರು ಎಲೆ ಅಡಿಕೆ ಹಾಕಿಕೊಂಡು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ "ಯಾಕೆ?" ಅಂದರು. "ಸಂಕ" ಅಂದೆ. ಎದ್ದು ಒಳಗೆ ಹೋಗಿ ಒಂದು ಕಡತ ತಂದರು. ಮೂರು ಸಲ ಅರ್ಜಿ ಬರೆದಿದ್ದರು. ಆಚೆ ದಡದ ಜಾಗ ಯಾರಿಗೆ ಸೇರಿದ್ದು ಅನ್ನುವ ತಕರಾರಿನಲ್ಲಿ ಮೂರೂ ನಿಂತುಹೋಗಿದ್ದವು. "ಇದನ್ನ ಊರಿಗೆ ಒಂದು ಮಾತು ಹೇಳಬಾರದಿತ್ತಾ?" ಅಂದೆ. "ನೀನು ಒಂದು ಮಾತು ಕೇಳಬಾರದಿತ್ತಾ?" ಅಂದರು. ಅಷ್ಟು ವರ್ಷದಲ್ಲಿ ನಾವಿಬ್ಬರೂ ರಾಜಕೀಯ ಮಾತಾಡಿದ್ದಕ್ಕೆ ಲೆಕ್ಕವೇ ಇಲ್ಲ. ಆದರೆ ಊರಿನ ವಿಷಯ ಮನಸ್ಸು ಬಿಚ್ಚಿ ಮಾತಾಡಿದ್ದು ಅವತ್ತೇ ಮೊದಲು.

ಈಗ ಗುಪ್ತ ಮತದಾನದ ವಿಷಯ. ಯಾರಿಗೆ ವೋಟು ಹಾಕಿದೆ ಹೇಳು ಅಂತ ಯಾವ ಸಾಕ್ಷಿಯನ್ನೂ ಒತ್ತಾಯ ಮಾಡುವಂತಿಲ್ಲ ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೇ ಇದೆ. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ಸಾಗರದ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾಗಿತ್ತು. ಗೇಣಿ ಭತ್ತ ಅಳೆಯುವ ಕೊಳಗವೇ ದೊಡ್ಡದು ಅನ್ನುವುದು ಅವರ ತಕರಾರು. ಮರುವರ್ಷದ ಚುನಾವಣೆಯಲ್ಲಿ ಆ ಹೋರಾಟದಲ್ಲಿದ್ದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಗೆದ್ದರು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಡುತ್ತಿದ್ದರು. ಜಮೀನಿನ ಒಡೆಯರ ಮುಂದೆ ಹೂಂ ಅಂದು, ಮರೆಯಲ್ಲಿ ಬೇರೆ ಪೆಟ್ಟಿಗೆಗೆ ಚೀಟಿ ಹಾಕಿ ಬಂದ ಒಕ್ಕಲು ಇದ್ದರೆ ಅವನನ್ನು ನಾನು ಸುಳ್ಳುಗಾರ ಅನ್ನಲಾರೆ. ಅವನ ಅನ್ನ ಒಡೆಯರ ಕೈಯಲ್ಲಿತ್ತು. ಆ ಮರೆ ಅಂಥವನಿಗಾಗಿಯೇ ಇರುವುದು. ಇವತ್ತಿಗೂ ಹೊಡೆತಕ್ಕೆ, ಕೆಲಸ ಹೋಗುವುದಕ್ಕೆ ಹೆದರಿ ಹೂಂ ಅನ್ನುವವರಿದ್ದಾರೆ. ಅವರಿಗೆ ನಾನು ಬುದ್ಧಿ ಹೇಳುವುದಿಲ್ಲ.

ನನಗೆ ಭಯ ಇರಲಿಲ್ಲ. ಇದ್ದದ್ದು ದಾಕ್ಷಿಣ್ಯ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದೂ ಅದೇ ಅನಿಸುತ್ತದೆ.

ದುಡ್ಡು ತಗೊಂಡು ಬೇರೆಯವರಿಗೆ ಹಾಕಿದರೆ ಹೇಗೆ ಅಂತಲೂ ಕೇಳಿದ್ದೀರಿ. ಕೊಡುವವರಷ್ಟೇ ಅಲ್ಲ, ತಗೊಳ್ಳುವವರೂ ಕಾನೂನಿನಲ್ಲಿ ತಪ್ಪಿತಸ್ಥರು, ಒಂದು ವರ್ಷದವರೆಗೆ ಜೈಲಾಗಬಹುದು. ಗೋಪಾಲಗೌಡರು ವೋಟಿನ ಜೊತೆ ಒಂದು ನೋಟನ್ನೂ ಜನರಿಂದಲೇ ಕೇಳಿ ಚುನಾವಣೆ ಮಾಡಿದವರು. ಅವರು ಓಡಾಡಿದ ಊರಿನಲ್ಲಿದ್ದುಕೊಂಡು ನಾನು ಆ ಕವರ್ ಮುಟ್ಟಲಾರೆ.

ಮಾವನಿಗೆ ಏನು ಹೇಳುವುದು? ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: "ಮಾವ, ಯಾರಿಗೆ ಹಾಕಿದೆ ಅಂತ ಹೇಳಲ್ಲ. ಆದರೆ ರಸ್ತೆ ಬಗ್ಗೆ, ಶಾಲೆ ಬಗ್ಗೆ ನಂಗೆ ಹೀಗನ್ಸತ್ತೆ. ನಿಮಗೇನನ್ಸತ್ತೆ?" ಮೊದಲ ಸಲ ಅವರ ಮುಖ ಗಂಟಾಗಬಹುದು. ಊಟದ ಹೊತ್ತಿಗೆ ಮಾತ್ರ ಈ ಮಾತು ತೆಗೆಯಬೇಡಿ, ಎಲ್ಲರ ಎದುರಿಗೆ ಯಾರೂ ಸೋಲಲು ಒಪ್ಪುವುದಿಲ್ಲ. ಇಬ್ಬರೇ ಇದ್ದಾಗ, ಕೈಗೆ ಏನಾದರೂ ಕೆಲಸ ಇದ್ದಾಗ ಮಾತಾಡಿ. ಅವರು ಹೇಳುವುದರಲ್ಲಿ ನಿಮಗೆ ಗೊತ್ತಿಲ್ಲದ್ದೂ ಇರಬಹುದು, ನನಗೆ ಆ ಕಡತದಲ್ಲಿ ಸಿಕ್ಕ ಹಾಗೆ.

ಮಾರನೇ ದಿನ ಕೆಳಗಿನ ಮನೆಗೂ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಮನೆಯಾಕೆ ನನ್ನ ಮುಖ ನೋಡಲಿಲ್ಲ, ಅಕ್ಕಿ ಆರಿಸುತ್ತಲೇ ಇದ್ದರು. ಅವರಿಗೂ ಸೋತವರಿಗೂ ಮುಯ್ಯಾಳು ಮತ್ತೆ ಶುರುವಾಗಿದೆ. ಹೋದ ತಿಂಗಳು ಕೆಳಗಿನ ಮನೆಯ ದನ ಕರು ಹಾಕಿತು. ಗಿಣ್ಣು ಸೋತವರ ಮನೆಗೆ ಹೋಯಿತು, ನಮ್ಮ ಮನೆಗೆ ಬರಲಿಲ್ಲ.