ಪ್ಯಾಸಿವ್ ಆದಮೇಲೆ ಬೈ, ವಿತ್, ಫಾರ್: ಪಟ್ಟಿ ಬಾಯಿಪಾಠ ಮಾಡಬೇಡಿ

ಇಂಗ್ಲಿಷ್ ವಾಕ್ಯ ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಆದಮೇಲೆ ಎಲ್ಲಿ ಬೈ, ಎಲ್ಲಿ ವಿತ್, ಎಲ್ಲಿ ಟು ಅಂತ ಪಟ್ಟಿ ಬಾಯಿಪಾಠ ಮಾಡೋದಾ, ಇಲ್ಲ ಸಂಜೆ ಕ್ಲಾಸಿಗೆ ಸೇರೋದಾ ಅಂತ ಕೇಳಿದ್ದೀರಿ. ಆ ಪಟ್ಟಿ ನನ್ನ ಹತ್ತಿರವೂ ಇತ್ತು. ದಾಸರಹಳ್ಳಿಯ ರೂಮಿನಲ್ಲಿ ಕನ್ನಡಿ ಪಕ್ಕ ಅಂಟಿಸಿಕೊಂಡಿದ್ದೆ. ಹಲ್ಲುಜ್ಜುತ್ತಾ ಓದುತ್ತಿದ್ದೆ.

2010ರ ಮಾತು. ತುಮಕೂರು ಕಡೆಯವನು, ಕನ್ನಡ ಮೀಡಿಯಂ. ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಕ್ಯೂಸಿಗೆ, ಅಂದರೆ ಮಾಲಿನ ಗುಣಮಟ್ಟ ನೋಡೋ ವಿಭಾಗಕ್ಕೆ, ಸೇರಿದ್ದೆ. ಶಾಫ್ಟ್‌ಗಳ ಅಳತೆ ತೆಗೆಯೋದು, ಕಸ್ಟಮರ್‌ಗೆ ಇಂಗ್ಲಿಷ್‌ನಲ್ಲಿ ರಿಪೋರ್ಟ್ ಬರೆಯೋದು, ಇಷ್ಟೇ ಕೆಲಸ. ಅಳತೆ ಚೆನ್ನಾಗಿ ಬರುತ್ತಿತ್ತು. ರಿಪೋರ್ಟ್ ಬರೆಯೋವಾಗ ಕೈ ನಡುಗುತ್ತಿತ್ತು.

ಒಂದು ಕಸ್ಟಮರ್ ಡ್ರಾಯಿಂಗ್ ಬದಲಾಯಿಸಿದರು. ಮೊದಲು ಶಾಫ್ಟ್ ಇಎನ್ 8 ಉಕ್ಕಿನಲ್ಲಿತ್ತು. ಅದು ಸಾಧಾರಣ ಕಾರ್ಬನ್ ಸ್ಟೀಲ್. ಹೊಸ ಡ್ರಾಯಿಂಗ್‌ನಲ್ಲಿ ಇಎನ್ 24 ಕೇಳಿದ್ದರು. ಅದರಲ್ಲಿ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಇರುತ್ತೆ. ಗಟ್ಟಿ, ರೇಟೂ ಜಾಸ್ತಿ. ನಮ್ಮ ಲೇತ್ ಆಪರೇಟರ್ ಅಣ್ಣ ಎರಡು ಶಿಫ್ಟ್ ನಿಂತು 360 ಶಾಫ್ಟ್ ಕಡೆದರು. ಲೇತ್‌ನಲ್ಲಿ ಲೋಹ ಕತ್ತರಿಸೋ ತುದಿಗಳು, ಅಂದರೆ ಇನ್ಸರ್ಟ್‌ಗಳು, ಬೇಗ ಬೇಗ ಸವೆಯುತ್ತಿದ್ದವು. ಚಿಪ್ಸ್, ಅಂದರೆ ಕತ್ತರಿಸಿದ ಲೋಹದ ಚೂರುಗಳು, ನೀಲಿಗಟ್ಟಿ ಬೀಳುತ್ತಿದ್ದವು. ಮಾಲು ಮಾತ್ರ ಚಿನ್ನದಂತೆ ಬಂತು.

ರಿಪೋರ್ಟ್‌ನಲ್ಲಿ ನಾನು ಬರೆದದ್ದು ಒಂದೇ ಸಾಲು: 'ಇಎನ್ 8 ವಾಸ್ ಸಬ್‌ಸ್ಟಿಟ್ಯೂಟೆಡ್ ಫಾರ್ ಇಎನ್ 24.'

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆ ಇಲ್ಲೇ ಇದೆ. ನನ್ನ ತಲೆಯಲ್ಲಿ ಇದ್ದದ್ದು 'ಇಎನ್ 8ಕ್ಕೆ ಬದಲು ಇಎನ್ 24 ಹಾಕಲಾಗಿದೆ' ಅನ್ನೋ ವಾಕ್ಯ. ಪಟ್ಟಿಯಲ್ಲಿ 'ಸಬ್‌ಸ್ಟಿಟ್ಯೂಟ್' ಮುಂದೆ 'ಫಾರ್' ಅಂತ ಇತ್ತು. ಪಟ್ಟಿ ತಪ್ಪಾಗಿರಲಿಲ್ಲ. ಫಾರ್ ಅನ್ನೋದೇ ಸರಿಯಾದ ಪದ. ಆದರೆ ಅದು ಯಾರಿಗೆ ಅಂಟಬೇಕು ಅನ್ನೋದು ಪಟ್ಟಿಯಲ್ಲಿ ಇರಲಿಲ್ಲ. ಕನ್ನಡದಲ್ಲಿ 'ಕ್ಕೆ' ತನ್ನ ಹಿಂದಿನ ಪದಕ್ಕೆ ಅಂಟುತ್ತೆ: ಇಎನ್ 8ಕ್ಕೆ. ಇಂಗ್ಲಿಷ್‌ನ ಫಾರ್ ತನ್ನ ಮುಂದಿನ ಪದಕ್ಕೆ ಅಂಟುತ್ತೆ. ನಾನು ಕನ್ನಡದ ಸಾಲನ್ನು ಹಾಗೇ ಇಟ್ಟು 'ಕ್ಕೆ ಬದಲು' ಇದ್ದ ಜಾಗದಲ್ಲಿ ಫಾರ್ ಕೂರಿಸಿದೆ. ಆ ಫಾರ್ ಹೋಗಿ ಇಎನ್ 24ಕ್ಕೆ ಅಂಟಿಕೊಂಡಿತು. ಅರ್ಥ ಪೂರ್ತಿ ತಿರುಗಿತು: ನೀವು ಕೇಳಿದ ಇಎನ್ 24ಕ್ಕೆ ಬದಲು ಅಗ್ಗದ ಇಎನ್ 8 ಹಾಕಿದ್ದೇವೆ!

ಲಾಟ್ ಹೋಲ್ಡ್ ಆಯಿತು, ಅಂದರೆ ಆ ಮಾಲನ್ನೆಲ್ಲ ತಡೆಹಿಡಿದರು. ಜೊತೆಗೆ ಇಟ್ಟಿದ್ದ ಮೆಟೀರಿಯಲ್ ಸರ್ಟಿಫಿಕೇಟ್‌ನಲ್ಲಿ ಇಎನ್ 24 ಅಂತಲೇ ಇತ್ತು. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು, ಎರಡರಲ್ಲಿ ಒಂದು ಸುಳ್ಳು ಅಂತ. ಮತ್ತೆ ಲ್ಯಾಬ್‌ಗೆ ಕಳಿಸಿ, ಟೆಸ್ಟ್ ಮಾಡಿಸಿ, ಮಾಲು ಸರಿ ಇದೆ ಅಂತ ಒಪ್ಪಿಸೋಕೆ 19 ದಿನ ಹಿಡಿಯಿತು. ರಿಪೋರ್ಟ್ ಕೆಲಸ ನನ್ನ ಕೈಯಿಂದ ಹೋಯಿತು, ಆ ವರ್ಷದ ಇನ್‌ಕ್ರಿಮೆಂಟೂ ಹೋಯಿತು. ಅದಕ್ಕಿಂತ ನೋವಾಗಿದ್ದು ಬೇರೆ. ಎರಡು ಶಿಫ್ಟ್ ನಿಂತು ದುಡಿದ ಆ ಅಣ್ಣನ ಹತ್ತಿರ ಮ್ಯಾನೇಜರ್ ಬಂದು 'ಯಾವ ಬಾರ್ ಹಾಕಿದೆ, ನಿಜ ಹೇಳು' ಅಂದರು. ಅವರು ಏನೂ ಮಾತಾಡಲಿಲ್ಲ. ಉಳಿದಿದ್ದ ಬಾರ್ ತುಂಡು ತಂದು, ಅದರ ತುದಿಗೆ ಯಾವ ಉಕ್ಕು ಅಂತ ಗುರುತಿಗೆ ಬಳಿದಿದ್ದ ಬಣ್ಣ ತೋರಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ನನಗೆ ಇದನ್ನು ಬಿಡಿಸಿ ಹೇಳಿದ್ದು ಕಸ್ಟಮರ್ ಕಡೆಯ ಕ್ವಾಲಿಟಿ ಮೇಡಂ, ಫೋನ್‌ನಲ್ಲಿ. 'ನೀವು ಬರೆದಿರೋದು ಉಲ್ಟಾ ಅಲ್ವಾ? ಯಾರು ಏನು ಮಾಡಿದರು ಅಂತ ಮೊದಲು ನೇರವಾಗಿ ಬರೆಯಿರಿ. ಆಮೇಲೆ ಪ್ಯಾಸಿವ್ ಮಾಡಿ' ಅಂದರು. ಬರೆದೆ: 'ವೀ ಸಬ್‌ಸ್ಟಿಟ್ಯೂಟೆಡ್ ಇಎನ್ 24 ಫಾರ್ ಇಎನ್ 8.' ಈಗ ತಿರುಗಿಸಿ: 'ಇಎನ್ 24 ವಾಸ್ ಸಬ್‌ಸ್ಟಿಟ್ಯೂಟೆಡ್ ಫಾರ್ ಇಎನ್ 8 ಬೈ ಅಸ್.' ಫಾರ್ ಎಲ್ಲಿತ್ತೋ ಅಲ್ಲೇ ಇದೆ, ಇಎನ್ 8ರ ಪಕ್ಕ. ಹೊಸದಾಗಿ ಬಂದದ್ದು ಬೈ ಒಂದೇ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. 'ಪ್ಯಾಸಿವ್ ಆದಮೇಲೆ ಯಾವ ಪ್ರಿಪೊಸಿಷನ್' ಅಂತ ಬೇರೆ ಲೆಕ್ಕ ಇಲ್ಲ. ಪ್ಯಾಸಿವ್ ತನ್ನದಾಗಿ ತರುವುದು ಬೈ ಮಾತ್ರ, ಅದೂ ಮಾಡಿದವರನ್ನು ಹೇಳಬೇಕಾದರೆ. ಮಿಕ್ಕಿದ್ದೆಲ್ಲ ಆ್ಯಕ್ಟಿವ್ ವಾಕ್ಯದಲ್ಲೇ ಇದ್ದದ್ದು. 'ವೀ ಫಿಲ್ಡ್ ದ ಟ್ಯಾಂಕ್ ವಿತ್ ಆಯಿಲ್' ಇದ್ದರೆ 'ದ ಟ್ಯಾಂಕ್ ವಾಸ್ ಫಿಲ್ಡ್ ವಿತ್ ಆಯಿಲ್'. 'ದೇ ಲಾಫ್ಡ್ ಅಟ್ ಹಿಮ್' ಇದ್ದರೆ 'ಹೀ ವಾಸ್ ಲಾಫ್ಡ್ ಅಟ್'. ಇಲ್ಲಿ ಅಟ್ ಮುಂದೆ ಯಾರೂ ಇಲ್ಲದೆ ಕೊನೆಯಲ್ಲಿ ಒಂಟಿಯಾಗಿ ನಿಲ್ಲುತ್ತೆ. ನಮ್ಮ ಕಿವಿಗೆ ಅದು ಅರ್ಧ ವಾಕ್ಯ ಅನಿಸುತ್ತೆ, ಅದಕ್ಕೇ ನಾವು ಬಿಟ್ಟುಬಿಡುತ್ತೇವೆ. ಬಿಡಬೇಡಿ. 'ದ ಕಂಪ್ಲೇಂಟ್ ವಾಸ್ ಡೆಲ್ಟ್' ಅಂತ ಬರೆದರೆ ತಪ್ಪು, 'ಡೆಲ್ಟ್ ವಿತ್' ಆಗಬೇಕು. ಮಾಡಿದವರನ್ನೂ ಹೇಳೋದಾದರೆ 'ಡೆಲ್ಟ್ ವಿತ್ ಬೈ ದ ಮ್ಯಾನೇಜರ್'. ಎರಡು ಅಕ್ಕಪಕ್ಕ ಬಂದರೆ ಹೆದರಬೇಡಿ. ವಿತ್ ಕ್ರಿಯಾಪದದ್ದು, ಬೈ ಮ್ಯಾನೇಜರದ್ದು.

ಶಾಲೆಯಲ್ಲಿ 'ರಾವಣ ವಾಸ್ ಕಿಲ್ಡ್ ಬೈ ರಾಮ' ಅಂತ ಒಂದೇ ಉದಾಹರಣೆ ಹೇಳಿಕೊಟ್ಟು, ರಾಮನಿಂದ ಅಂದರೆ ಬೈ ರಾಮ ಅಂದುಬಿಟ್ಟರು. ಆಮೇಲೆ 'ಇಂದ' ಕಂಡಲ್ಲೆಲ್ಲ ನಾವು ಬೈ ಹಾಕುತ್ತೇವೆ. ಎಣ್ಣೆಯಿಂದ ತುಂಬಿದೆ ಅನ್ನೋ ಕಡೆ ಅದು ವಿತ್. ಉಕ್ಕಿನಿಂದ ಮಾಡಿದ್ದು ಅನ್ನೋ ಕಡೆ ಆಫ್. ದ್ರಾಕ್ಷಿಯಿಂದ ವೈನ್ ಮಾಡಿದರು ಅಂದರೆ ಫ್ರಮ್, ಏಕೆಂದರೆ ದ್ರಾಕ್ಷಿ ಈಗ ದ್ರಾಕ್ಷಿಯಾಗಿ ಉಳಿದಿಲ್ಲ.

ಇಂಟರೆಸ್ಟೆಡ್ ಇನ್, ಮ್ಯಾರೀಡ್ ಟು ತರಹದವು ಮಾತ್ರ ಬೇರೆ. ಅವು ಆದ ಕೆಲಸವನ್ನಲ್ಲ, ಇರುವ ಸ್ಥಿತಿಯನ್ನು ಹೇಳುತ್ತವೆ. 'ಜೊತೆ ಮದುವೆಯಾಗಿದೆ' ಅಂತ ಯೋಚಿಸಿ ಮ್ಯಾರೀಡ್ ವಿತ್ ಅನ್ನಬೇಡಿ. ಮ್ಯಾರೀಡ್ ಬೈ ಅಂದರೆ ಮದುವೆ ಮಾಡಿಸಿದವರು. ಇಂಥವನ್ನು ಓದುತ್ತಾ ಹಿಡಿಯಬೇಕು, ಬೇರೆ ದಾರಿ ಇಲ್ಲ. ಕ್ಲಾಸಿಗೆ ದುಡ್ಡು ಸುರಿಯೋದು ಸುಮ್ನೆ ಅನ್ನೋದು ನನ್ನ ಅಭಿಪ್ರಾಯ.

ನೀವೂ ಆಫೀಸಿನ ಮೇಲ್‌ಗೋಸ್ಕರ ಕೇಳುತ್ತಿದ್ದರೆ ಇನ್ನೊಂದು ಮಾತು. ಸಬ್‌ಸ್ಟಿಟ್ಯೂಟ್ ಪದವನ್ನೇ ಬಿಡಿ. 'ಇಎನ್ 8 ವಾಸ್ ರಿಪ್ಲೇಸ್ಡ್ ವಿತ್ ಇಎನ್ 24' ಅಂತ ಬರೆಯಿರಿ. ಇದರಲ್ಲಿ ಹೋಗುವುದು ಮೊದಲು, ಬರುವುದು ಆಮೇಲೆ. ಕನ್ನಡದಲ್ಲಿ ಯೋಚಿಸಿದ ಸಾಲೇ ಇಲ್ಲಿ ಸರಿಹೋಗುತ್ತೆ. ಕಳಿಸೋ ಮುಂಚೆ ಆ ಒಂದು ಸಾಲನ್ನು ಕೆಲಸ ಮಾಡಿದವರಿಗೆ ಕನ್ನಡದಲ್ಲಿ ಓದಿ ಹೇಳಿ, ಹೌದಾ ಅಂತ ಕೇಳಿ. ನಾನು ಈಗಲೂ ಆ ಅಣ್ಣನಿಗೆ ಓದಿ ಹೇಳಿಯೇ ಕಳಿಸುತ್ತೇನೆ.