ಫಿಲಿಪೈನ್ಸ್‌ನ ಸಿನಿಗಾಂಗ್ ನಮ್ಮ ಹುಣಸೆ ಸಾರಿನ ಥರಾನೇನಾ?

ಹುಳಿಯ ಮಟ್ಟಿಗೆ ಹೌದು, ಉಳಿದದ್ದರಲ್ಲಿ ಅಲ್ಲ. ಸಿನಿಗಾಂಗ್‌ನಲ್ಲಿ ಬೇಳೆ ಇಲ್ಲ, ಸಾರಿನ ಪುಡಿ ಇಲ್ಲ, ಒಗ್ಗರಣೆಯೂ ಇಲ್ಲ. ಹಂದಿಮಾಂಸ, ಸಿಗಡಿ ಅಥವಾ ಮೀನನ್ನು ಈರುಳ್ಳಿ, ಟೊಮೆಟೊ ಜೊತೆ ಸುಮ್ನೆ ನೀರಲ್ಲಿ ಬೇಯಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಅಕ್ಕಿ ತೊಳೆದ ನೀರನ್ನೇ ಹಾಕುತ್ತಾರೆ. ಅದರಿಂದ ಸಾರು ತುಸು ಮಂದವಾಗುತ್ತದೆ.

ಅಸಲಿ ವಿಷಯ ಹುಳಿಯದು. ನಮ್ಮ ಹಾಗೆ ಹಳೇ ಹುಣಸೆಹಣ್ಣಲ್ಲ, ಹಸಿ ಹುಣಸೆಕಾಯಿ. ಅದನ್ನು ಮೆತ್ತಗಾಗುವವರೆಗೆ ಕುದಿಸಿ, ಕಿವುಚಿ, ಸೋಸಿ ರಸ ಸೇರಿಸುತ್ತಾರೆ. ಹುಣಸೆ ಬದಲು ಸೀಬೆಹಣ್ಣು ಹಾಕುವವರೂ ಇದ್ದಾರೆ. ಕೆಲವರು 'ಕಮಿಯಾಸ್' ಹಾಕುತ್ತಾರೆ. ಅದು ಬೇರೇನಲ್ಲ, ನಮ್ಮ ಕರಾವಳಿಯ ಬಿಂಬುಳಿ! ಈಗ ಅಂಗಡಿಯ ಹುಳಿಪುಡಿ ಪ್ಯಾಕೆಟ್ ಬಳಕೆ ಜಾಸ್ತಿ. ಕೆಲಸವೇನೋ ಸುಲಭ, ಆದರೆ ಕಾಯಿಯ ಘಮ ಪುಡಿಯಲ್ಲಿ ಎಲ್ಲಿ ಬರಬೇಕು?

ಮಾಂಸ ಬೆಂದ ಮೇಲೆ ಕೆಸುವಿನ ಗೆಡ್ಡೆ, ಮೂಲಂಗಿ, ಅಲಸಂದೆ ಕಾಯಿ, ಬೆಂಡೆ, ಉದ್ದನೆಯ ಹಸಿಮೆಣಸು. ಕಾಂಗ್‌ಕಾಂಗ್ (ನೀರಲ್ಲಿ ಬೆಳೆಯುವ ಒಂದು ಸೊಪ್ಪು) ಮಾತ್ರ ಒಲೆ ಆರಿಸುವ ಹೊತ್ತಿಗೆ, ಇಲ್ಲದಿದ್ದರೆ ಮುದ್ದೆಯಾಗುತ್ತದೆ. ಉಪ್ಪಿಗೆ 'ಪಾತಿಸ್', ಅಂದರೆ ಮೀನು ಹುದುಗಿಸಿ ತೆಗೆದ ರಸ. ಬಿಸಿ ಅನ್ನದ ಜೊತೆ ಊಟ. ನೀವು ಮನೆಯಲ್ಲಿ ಮಾಡುವುದಾದರೆ ಪಾತಿಸ್‌ಗಾಗಿ ಅಲೆಯಬೇಡಿ, ಉಪ್ಪೇ ಸಾಕು.